ಪಾಲಿಕೆಗಳ ಹಂಗಾಮಿ ದುಡಿಮೆ, ಹಂಗಾಮಿ ಆಡಳಿತ

ಸ್ಥಳೀಯ ಸಂಸ್ಥೆಗಳಲ್ಲಿ ಹಂಗಾಮಿ ನೌಕರಿಗೆ ತಕ್ಕ ಸಂದರ್ಭಗಳು ಇಲ್ಲದಿಲ್ಲ. ನೆರೆ ಪರಿಹಾರ, ಮನೆ ಮನೆಯ ಸಮೀಕ್ಷೆಯಂಥವು ಮುಗಿದರೆ ಜನರೂ ಬೇಕಾಗುವುದಿಲ್ಲ. ಆದರೆ ಬೀದಿಯ ಕಸ ಮರುದಿನವೂ ಬೀಳುತ್ತದೆ. ಹಾಗಿದ್ದೂ ಕರ್ನಾಟಕದ ಪಾಲಿಕೆಗಳು ಪೌರಕಾರ್ಮಿಕರನ್ನು ವರ್ಷಗಟ್ಟಲೆ ಗುತ್ತಿಗೆದಾರರ ಕೈಗೊಪ್ಪಿಸಿದವು. ನಿರಂತರ ಸ್ವರೂಪದ ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಸರ್ಕಾರಕ್ಕೆ ಕೊಟ್ಟಿತ್ತು.

ಈ ಪದ್ಧತಿಯ ಪರವಾಗಿ ಮುಂದಿಡುವ ವಾದ ಮಿತವ್ಯಯದ್ದು. ಅದು ಪರೀಕ್ಷೆಗೆ ನಿಲ್ಲುವುದಿಲ್ಲ. ಪಾಲಿಕೆ ಕೊಟ್ಟ ಹಣದಲ್ಲಿ ಗುತ್ತಿಗೆದಾರನ ಪಾಲು ಕಳೆಯುತ್ತಿತ್ತು; ಪಿಎಫ್, ಇಎಸ್‌ಐ ಕಟ್ಟಿಲ್ಲವೆಂಬ ದೂರು ತಪ್ಪುತ್ತಿರಲಿಲ್ಲ. ಹಾಜರಿ ಪುಸ್ತಕದ ಹೆಸರುಗಳೆಲ್ಲ ನಿಜಕ್ಕೂ ಬೀದಿಗಿಳಿಯುತ್ತವೆಯೇ ಎಂಬ ಅನುಮಾನದಿಂದ ಬೆಂಗಳೂರಿನಲ್ಲಿ ಬಯೋಮೆಟ್ರಿಕ್ ಹಾಜರಿ ತರಬೇಕಾಯಿತು. ಗುತ್ತಿಗೆ ಹೋಗಿ ಪಾಲಿಕೆಯಿಂದಲೇ ನೇರ ವೇತನ ಬಂದಾಗ ಸಂಬಳ ಬ್ಯಾಂಕ್ ಖಾತೆಗೆ ಬಿತ್ತು, ನೌಕರಿ ಮಾತ್ರ ಕಾಯಂ ಆಗಲಿಲ್ಲ. ಪೌರಕಾರ್ಮಿಕರ 2022ರ ಜುಲೈ ಮುಷ್ಕರದ ನಂತರವೇ ಸರ್ಕಾರ ಹಂತಹಂತದ ಕಾಯಮಾತಿಗೆ ಒಪ್ಪಿತು.

ಕಾಯಮಾತಿ ಕೇಳಿದವರಿಗೆ ಅಡ್ಡ ಬರುತ್ತಿದ್ದುದು ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು. ಇದೂ ಕರ್ನಾಟಕದ್ದೇ ಪ್ರಕರಣ. ನಿಯಮ ಮೀರಿ ನೇಮಕವಾದವರಿಗೆ ಕಾಯಂ ಹಕ್ಕಿಲ್ಲ ಎಂದ ಆ ತೀರ್ಪು, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಸಕ್ರಮಗೊಳಿಸಿ, ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ಮಾಡಿ ಎಂದೂ ಹೇಳಿತ್ತು. ಆಡಳಿತಗಳಿಗೆ ನೆನಪಿದ್ದುದು ಮೊದಲ ಭಾಗವಷ್ಟೇ. 2024ರ ಡಿಸೆಂಬರಿನಲ್ಲಿ, ಜಗ್ಗೋ ಪ್ರಕರಣದಲ್ಲಿ, ಈ ದುರ್ಬಳಕೆಯನ್ನು ಸುಪ್ರೀಂ ಕೋರ್ಟೇ ಟೀಕಿಸಿತು.

ಆಡಳಿತದ ಮೇಲಿನ ಹಂತದ ಹಂಗಾಮಿತನಕ್ಕೆ ಇಷ್ಟು ಟೀಕೆ ಬರುವುದಿಲ್ಲ. ಹಾನಿ ಅಲ್ಲೇ ಹೆಚ್ಚು. ಸಂವಿಧಾನದ 243-ಯು ವಿಧಿಯಂತೆ ನಗರಾಡಳಿತದ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಕೌನ್ಸಿಲ್ 2020ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಆಮೇಲೆ ಆಡಳಿತಾಧಿಕಾರಿಗಳು ಬದಲಾಗುತ್ತ ಹೋದರು. ಮತ್ತೊಂದು ಕೌನ್ಸಿಲ್ ಬರುವ ಮೊದಲೇ, 2025ರಲ್ಲಿ, ಬಿಬಿಎಂಪಿಯೇ ಐದು ಪಾಲಿಕೆಗಳಾಗಿ ಒಡೆಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೂ 2021ರಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ಗತಿಯಾದರು. ಅಂಥ ಅಧಿಕಾರಿ ದಕ್ಷನಾಗಿರಬಹುದು, ಬಜೆಟ್ಟನ್ನು ಚರ್ಚೆಯಿಲ್ಲದೆ ಬೇಗ ಮುಗಿಸಲೂಬಹುದು. ಆದರೆ ವರ್ಗಾವಣೆಯ ಆದೇಶ ಬಂದೊಡನೆ ಅವನ ಹೊಣೆ ಮುಗಿಯುತ್ತದೆ, ಮತದಾರ ಅವನನ್ನು ಪ್ರಶ್ನಿಸುವಂತಿಲ್ಲ. ಗುಡಿಸುವವರ ಸೇವಾಭದ್ರತೆಯನ್ನು ಇಂಥವರೇ ನಿರ್ಧರಿಸುವ ವ್ಯವಸ್ಥೆಯನ್ನು ಮಿತವ್ಯಯದ ಹೆಸರಿನಲ್ಲಾಗಲೀ ದಕ್ಷತೆಯ ಹೆಸರಿನಲ್ಲಾಗಲೀ ಸಮರ್ಥಿಸಲಾಗದು. ಕಾಯಮಾತಿಯ 2022ರ ತೀರ್ಮಾನದಲ್ಲೂ ಕಸದ ವಾಹನಗಳ ಚಾಲಕರು ಮತ್ತು ಲೋಡರ್‌ಗಳು ಹೊರಗುಳಿದರು.