ರಾಮಧಾನ್ಯದ ತಕ್ಕಡಿಯಲ್ಲಿ ಕಡಲ ಮೀನು

ಕನಕದಾಸರ ‘ರಾಮಧಾನ್ಯ ಚರಿತೆ’ ನಮ್ಮಂಥ ರಾಗಿ ಉಣ್ಣುವ ಸೀಮೆಯವರಿಗೇ ಹೇಳಿ ಮಾಡಿಸಿದಂಗಿದೆ. ಭತ್ತವೂ ರಾಗಿಯೂ ನಾ ಹೆಚ್ಚು ತಾ ಹೆಚ್ಚು ಅಂತ ಜಗಳಕ್ಕೆ ಬೀಳುತ್ತವೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆಮೇಲೆ ತರಿಸಿ ನೋಡಿದರೆ ಭತ್ತ ಸೊರಗಿಹೋಗಿದೆ, ರಾಗಿ ಹಂಗೇ ಗಟ್ಟಿಯಾಗಿದೆ. ರಾಮ ತನ್ನ ರಾಘವ ಎಂಬ ಹೆಸರನ್ನೇ ರಾಗಿಗೆ ಕೊಡುತ್ತಾನೆ. ನನಗೆ ಇದು ಕತೆ ಮಾತ್ರ ಅಲ್ಲ, ಊಟದ ಮೇಲೆ ಬರೆದ ವಿಮರ್ಶೆ. ಬಾಯಿಮಾತಿನ ಬಡಾಯಿ ನಂಬಬೇಡ, ತಕ್ಕಡಿ ಇಟ್ಟು ತೂಗು ಅನ್ನುತ್ತದೆ.

ಅದೇ ತಕ್ಕಡಿ ಹಿಡಿದು ನಾನು ಇಲ್ಲಿ ಕಡಲ ತೀರದ ಊಟವನ್ನು ತೂಗಬೇಕು ಅಂತಿದ್ದೀನಿ. ಯಾಕೆ ಅಂದರೆ ಈಗ ಮೇ ತಿಂಗಳ ರಜಾ ಬಂತೆಂದರೆ ನಮ್ಮ ಸೇಲಂ, ಧರ್ಮಪುರಿ ಕಡೆಯ ಹಳ್ಳಿಗಳಿಂದಲೂ ಜನ ವ್ಯಾನು ಮಾಡಿಕೊಂಡು ಸಮುದ್ರ ನೋಡಕ್ಕೆ ಹೋಗ್ತಾರೆ. ಹೋಗಿ ಬಂದವರನ್ನು ಏನು ತಿಂದ್ರಿ ಅಂತ ಕೇಳಿದರೆ ಒಂದೇ ಮಾತು: ‘ವಂಜರಂ ಫ್ರೈ.’ ಬೇರೆ ಏನು ಅಂದರೆ ಬಾಯಿ ಇಲ್ಲ. ಸಮುದ್ರ ಅಷ್ಟು ದೊಡ್ಡದು, ನಮ್ಮ ನಾಲಿಗೆ ಇಷ್ಟು ಚಿಕ್ಕದು.

ಮೊದಲು ಕಾಲದ ಮಾತು. ತಮಿಳುನಾಡಿನ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನು ಹಿಡಿಯೋ ಹಾಗಿಲ್ಲ. ಅದು ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ ಅಂತ ಸರ್ಕಾರ ಹಾಕಿರುವ ತಡೆ. ಬಿತ್ತನೆ ಬೀಜವನ್ನು ಹುರಿದು ತಿನ್ನಬೇಡ ಅಂತ ಒಕ್ಕಲುಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆ ನ್ಯಾಯವೇ ಇದೂ. ನಮ್ಮ ಮಕ್ಕಳ ರಜಾ ಸರಿಯಾಗಿ ಆ ದಿನಗಳಿಗೇ ಬೀಳುತ್ತದೆ. ಆಗ ಅಲ್ಲಿ ಹೊಸ ಮೀನು ಬೇಕಾದರೆ ಸಣ್ಣ ನಾಡದೋಣಿಯವರು ದಡದ ಹತ್ತಿರ ಹಿಡಿದು ತಂದದ್ದೇ ಗತಿ. ಮಿಕ್ಕಿದ್ದು ದೂರದಿಂದ ಐಸಿನಲ್ಲಿ ಬಂದದ್ದು. ಅಂಥ ಒಂದು ಮೇ ತಿಂಗಳಲ್ಲಿ ಆ ಕಡೆಯ ಒಂದು ಹೋಟೆಲಿನಲ್ಲಿ ‘ಈಗ ತಾನೇ ಹಿಡಿದದ್ದು’ ಅಂತ ನಮಗೆ ಬಡಿಸಿದ ವಂಜರಂ ತುಂಡು ನೆನೆದ ಹತ್ತಿಯಂಗಿತ್ತು. ಮೇಲೆ ಕೆಂಪು ಮಸಾಲೆ ದಪ್ಪಗೆ ಬಳಿದಿದ್ದರು. ಶ್ರುತಿ ತಪ್ಪಿದ ಹಾಡುಗಾರ ತಮಟೆಯನ್ನು ಜೋರಾಗಿ ಬಡಿಸಿದಂಗೆ.

ಕರ್ನಾಟಕದ ಕರಾವಳಿಯಲ್ಲಿ ಈ ತಡೆ ಜೂನ್ 1ರಿಂದ ಜುಲೈ 31ರವರೆಗೆ. ಅಂದರೆ ಏಪ್ರಿಲ್, ಮೇನಲ್ಲಿ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ದೋಣಿಗಳು ಇನ್ನೂ ಓಡಾಡ್ತಾ ಇರುತ್ತವೆ. ಸೇಲಂನಲ್ಲಿ ಮಂಗಳೂರು ರೈಲು ಹತ್ತಿದರೆ ಪಾಲಕ್ಕಾಡು, ಕೋಝಿಕ್ಕೋಡು ದಾಟಿ ಕಾಸರಗೋಡು ಸಿಗುತ್ತದೆ. ಅಲ್ಲಿರುವವರು ನಮ್ಮ ಹಾಗೇ ಗಡಿಯ ಕನ್ನಡದವರು. 1956ಕ್ಕೆ ಮುಂಚೆ ಅವರ ದಕ್ಷಿಣ ಕನ್ನಡ ಜಿಲ್ಲೆ, ನಮ್ಮ ಸೇಲಂ ಜಿಲ್ಲೆ ಎರಡೂ ಮದ್ರಾಸಿನ ಒಂದೇ ಸರ್ಕಾರದ ಕೆಳಗಿದ್ದವು. ಆಮೇಲೆ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮನೆಯಲ್ಲಿ ಮುದ್ದೆಗೆ ಕಳಿ ಅಂತಲೂ ಹೆಸರಿರುವಂಗೆ, ಅವರ ಅಡಿಗೆಮನೆಯಲ್ಲಿ ಒಂದೇ ಮೀನು ತುಳುವಿನಲ್ಲಿ ಬೂತಾಯಿ, ಮಲಯಾಳದಲ್ಲಿ ಮತ್ತಿ. ಹೆಸರು ಬೇರೆ ಆದರೆ ಸಾರು ಹುಳಿಯಾಗೋದಿಲ್ಲ.

ಇನ್ನು ರುಚಿಯ ಮಾತು. ಅಲ್ಲಿಯ ಮನೆಗಳಲ್ಲಿ ದೊಡ್ಡಸ್ತಿಕೆ ಅಂಜಲಿಗೆ ಇರಬಹುದು, ನಮ್ಮ ವಂಜರಂ ಅಂದರೆ ಅದೇ. ಆದರೆ ದಿನದ ಊಟವನ್ನು ಹೊತ್ತಿರುವುದು ಬೂತಾಯಿ, ಬಂಗುಡೆಯಂಥ ಸಣ್ಣ ಮೀನು. ಒಣಮೆಣಸು, ಕೊತ್ತಂಬರಿ ಹುರಿದು, ತೆಂಗಿನಕಾಯಿ, ಹುಣಸೆ, ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಮಸಾಲೆ ಕುದಿ ಬಂದ ಮೇಲೇ ಮೀನು ಬಿಡೋದು. ಆಮೇಲೆ ಸೌಟು ಹಾಕೋದಿಲ್ಲ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ, ಮೀನು ಮುರಿಯಬಾರದು ಅಂತ. ಅದನ್ನು ಕುಚ್ಚಲಕ್ಕಿ ಅನ್ನಕ್ಕೆ ಹಾಕಿಕೊಂಡು ಉಣ್ಣಬೇಕು. ದಪ್ಪಕ್ಕಿ ಅದು, ಸಾರನ್ನು ಕುಡಿದುಕೊಂಡರೂ ಕರಗೋದಿಲ್ಲ. ಮೀನು ಮುಂದಾಳು, ಅನ್ನ ಹಿಮ್ಮೇಳ. ಹಿಮ್ಮೇಳ ಬಿಟ್ಟು ಮುಂದಾಳನ್ನು ಮಾತ್ರ ತಟ್ಟೆಯಲ್ಲಿ ಇಟ್ಟುಕೊಂಡರೆ ಹಾಡು ಹೇಗೆ ಎದ್ದೀತು? ಫ್ರೈ ಒಂದನ್ನೇ ತಿಂದು ಬರುವವರು ಮಾಡೋದು ಇದನ್ನೇ.

ಮೀನು ಮುಟ್ಟದ ಮನೆಯವರಿಗೂ ಅಲ್ಲಿ ಬರ ಇಲ್ಲ. ಅಕ್ಕಿಯನ್ನು ನೀರಾಗಿ ಅರೆದು ಹುಯ್ಯುವ ನೀರುದೋಸೆ, ಬೇಸಿಗೆಯಲ್ಲಿ ಹಲಸಿನ ಹಣ್ಣಿನ ಕಡುಬು, ಬಿಸಿಲಿಗೆ ಪುನರ್ಪುಳಿಯ ಪಾನಕ. ಇವೂ ಆ ಮಣ್ಣಿನವೇ. ಅಲ್ಲಿಗೆ ಹೋಗಿ ಬಿರಿಯಾನಿ ಎಲ್ಲಿ ಸಿಗುತ್ತೆ ಅಂತ ಹುಡುಕುವವರನ್ನು ಏನನ್ನೋಣ!

ಈಗ ಕನಕದಾಸರ ಹತ್ತಿರವೇ ನನ್ನದೊಂದು ತಕರಾರಿದೆ. ಆರು ತಿಂಗಳು ಉಳಿಯೋದೇ ದೊಡ್ಡ ಗುಣ ಅಂದರೆ ಬೂತಾಯಿ ಆ ಪರೀಕ್ಷೆಯಲ್ಲಿ ಮೊದಲ ದಿನವೇ ಸೋಲುತ್ತದೆ. ಬೆಳಗ್ಗೆ ದಡಕ್ಕೆ ಬಂದದ್ದು ಮಧ್ಯಾಹ್ನಕ್ಕೆ ಸಾರಾಗಬೇಕು. ಅದರ ಮೇಲ್ಮೆ ಇರೋದೇ ಆ ಒಂದು ಹೊತ್ತಿನಲ್ಲಿ. ಕಣ್ಣು ತಿಳಿಯಾಗಿದೆಯಾ, ಕಿವಿರು ಕೆಂಪಗಿದೆಯಾ, ಬೆರಳಿಟ್ಟು ಒತ್ತಿದರೆ ಮಾಂಸ ಮತ್ತೆ ಮೇಲೆ ಬರುತ್ತದಾ ಅಂತ ನೋಡಿ ಕೊಳ್ಳಬೇಕು. ಸುಗ್ಗಿಯ ಹಾಡು ಕಣದಲ್ಲಿ ಆ ರಾತ್ರಿಗೇ ಚೆಂದ, ಬೆಳಗಾದರೆ ಅದೇ ಹಾಡಿಗೆ ಆ ಕಳೆ ಇರೋದಿಲ್ಲ. ಹಂಗಂತ ಅದು ಕಡಿಮೆ ಹಾಡಾ? ಉಳಿಯುವುದನ್ನು ತೂಗುವ ತಕ್ಕಡಿ ಒಂದು, ಆ ಹೊತ್ತಿಗೇ ಆಗಿಹೋಗುವುದನ್ನು ತೂಗುವ ತಕ್ಕಡಿ ಇನ್ನೊಂದು. ಎರಡೂ ಬೇಕು.

ಆದರೆ ರಾಮನ ತಕ್ಕಡಿಯಲ್ಲಿ ಗೆಲ್ಲುವ ಮೀನೂ ಒಂದಿದೆ. ಅದು ಒಣಮೀನು. ಮೇ ತಿಂಗಳಲ್ಲಿ ತೀರಕ್ಕೆ ಹೋದವರು ಮರಳಿನ ಮೇಲೆ, ಚಾಪೆಯ ಮೇಲೆ ಮೀನು ಹರವಿರೋದನ್ನು ನೋಡಿ ಮೂಗು ಮುಚ್ಚಿಕೊಂಡು ಓಡ್ತಾರೆ. ಅಲ್ಲಿ ನಿಂತು ನೋಡಬೇಕು. ಜೂನಿನಲ್ಲಿ ಮಳೆ ಹಿಡಿದು ಕಡಲು ಕೆರಳಿದರೆ ದೋಣಿ ಇಳಿಯೋದಿಲ್ಲ. ಆ ದಿನಗಳಿಗೆ ಅಂತ ಹೆಂಗಸರು ಬಿಸಿಲಿರುವಾಗಲೇ ಉಪ್ಪು ಹಾಕಿ ಒಣಗಿಸಿ ಇಡ್ತಾರೆ. ಮಳೆಗಾಲದಲ್ಲಿ ಗಂಜಿಯ ಜೊತೆಗೆ ಸುಟ್ಟ ಒಣಮೀನೇ ಅವರ ಪಾಲಿನ ಆಸರೆ. ನಾವು ಹಗೇವಿನಲ್ಲಿ ರಾಗಿ ತುಂಬಿ ಬರಗಾಲ ಕಾಯ್ದಂಗೆ, ಅವರು ಉಪ್ಪಿನಲ್ಲಿ ಮೀನು ಹಾಕಿ ಮಳೆಗಾಲ ಕಾಯ್ತಾರೆ. ಬುದ್ಧಿ ಒಂದೇ.

ಈ ಒಣಮೀನು ನಮಗೆ ಹೊಸದೂ ಅಲ್ಲ. ಸಮುದ್ರ ಕಾಣದ ನಮ್ಮ ಹಿರೀಕರು ಸಮುದ್ರದ ರುಚಿ ಕಂಡದ್ದೇ ಸಂತೆಯ ಕರುವಾಡಿನಲ್ಲಿ. ಹಸಿ ಮೀನು ಅಂದರೆ ಕಾವೇರಿಯದು, 1934ರಲ್ಲಿ ಮೇಟ್ಟೂರು ಅಣೆ ಮುಗಿದ ಮೇಲೆ ಅಣೆಯದು. ಕಡಲ ಮೀನು ಅಂದರೆ ಒಣಗಿದ್ದೇ. ಬದನೆಕಾಯಿ ಹಾಕಿ ಕರುವಾಡಿನ ಸಾರು ಮಾಡಿ, ಬಿಸಿ ಮುದ್ದೆ ಮುರಿದು ಅದ್ದಿ ನುಂಗಿದವರಿಗೆ ಗೊತ್ತು ಅದರ ಸತ್ವ. ಆರು ತಿಂಗಳ ಸೆರೆ ಗೆದ್ದ ರಾಗಿ, ಉಪ್ಪಿನ ಸೆರೆ ಗೆದ್ದ ಮೀನು, ಎರಡೂ ಒಂದೇ ತಟ್ಟೆಯಲ್ಲಿ.

ನನ್ನ ಕೊರಗು ಇಲ್ಲಿದೆ. ಇವತ್ತು ನಮ್ಮ ಹುಡುಗರಿಗೆ ಈ ತಟ್ಟೆ ಅಂದರೆ ನಾಚಿಕೆ. ಮನೆಯಲ್ಲಿ ಕರುವಾಡು ಬೆಂದರೆ ಸ್ನೇಹಿತರನ್ನು ಒಳಗೆ ಕರೆಯೋದಿಲ್ಲ. ಅದೇ ಹುಡುಗರು ರಜಾದಲ್ಲಿ ಹೋಗಿ ಐಸಿನಲ್ಲಿ ಕೊರಡಾದ ಮೀನಿಗೆ ದುಡ್ಡು ಸುರಿದು, ಪಟ ತೆಗೆದು ಊರಿಗೆಲ್ಲ ತೋರಿಸ್ತಾರೆ. ದುಡ್ಡು ಹೋದದ್ದಕ್ಕೆ ನನಗೆ ದುಃಖ ಇಲ್ಲ. ನಮ್ಮ ಊಟವೂ ತಿಳಿಯದೆ, ಅವರ ಊಟವೂ ತಿಳಿಯದೆ ಬರ್ತಾರಲ್ಲ, ಅದು ನಷ್ಟ.

ಮೇಷ್ಟ್ರುಗಳಿಗೆ ಒಂದು ಮಾತು. ರಾಮಧಾನ್ಯದ ಕತೆ ಹೇಳುವಾಗ ರಾಗಿ ಗೆದ್ದಿತು ಅಂತ ಮುಗಿಸಬೇಡಿ. ಮಕ್ಕಳ ಕೈಗೆ ತಕ್ಕಡಿ ಕೊಟ್ಟು, ನಿಮ್ಮನೆ ತಟ್ಟೆಯಲ್ಲಿರೋದನ್ನು ತೂಗಿ ಅನ್ನಿ. ರಜಾದಲ್ಲಿ ಹೋಗುವವರಿಗೂ ಅಷ್ಟೇ: ತಿಂಗಳು ನೋಡಿ ಹೋಗಿ, ಅಲ್ಲಿಯವರು ಉಣ್ಣೋದನ್ನು ಕೇಳಿ ಉಣ್ಣಿ, ಸಣ್ಣ ಮೀನಿನ ಮುಳ್ಳು ಬಿಡಿಸೋಕೆ ತಾಳ್ಮೆ ಇಟ್ಟುಕೊಳ್ಳಿ. ವಾಪಸು ಬರುವಾಗ ಮರಳಿನ ಮೇಲೆ ಒಣಗಿಸುವ ಆ ಅಕ್ಕಂದಿರ ಹತ್ತಿರ ಒಂದು ಪೊಟ್ಟಣ ಕೊಂಡು ತನ್ನಿ. ಮುದ್ದೆ ನಮ್ಮಲ್ಲಿ ಇದ್ದೇ ಇದೆ.