ಕಾರಂತರ ಚಿತ್ರಪುಟಗಳು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಬೀದರ ಜಿಲ್ಲೆಯ ನಮ್ಮ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಆ ನಂಟಿನಿಂದಲೇ ಶಿವರಾಮ ಕಾರಂತರ ಬಗ್ಗೆ ನಿಮ್ಮೊಡನೆ ಒಂದೆರಡು ಮಾತಾಡುವ ಧೈರ್ಯ ಮಾಡಿದ್ದೇನೆ. ಅವರ ಪುತ್ತೂರು ನಿಮಗೆ ನೆರೆ, ನನಗೆ ಬಹಳ ದೂರ.

ಕಾರಂತರೆಂದರೆ ನಮ್ಮ ವಿಮರ್ಶಕರು ಕಾದಂಬರಿಗಳನ್ನು ಎಣಿಸುತ್ತಾರೆ. 1930ರಲ್ಲೇ ಬಂದ 'ಭಾರತೀಯ ಚಿತ್ರಕಲೆ' ಅಡಿಟಿಪ್ಪಣಿಗೆ ಹೋಗುತ್ತದೆ. ಚಿತ್ರಗಳನ್ನು ಕುರಿತು ಬರೆದ ಕೈಯೇ ತನ್ನ ಪುಸ್ತಕಗಳಿಗೆ ಮುಖಪುಟ ಬರೆಯಿತು, ಮುದ್ರಣದ ಕೆಲಸಕ್ಕೂ ಇಳಿಯಿತು ಎಂಬುದನ್ನು ಹವ್ಯಾಸವೆಂದು ಬದಿಗಿಡುತ್ತಾರೆ. ಅದೇ ಕಾಲದಲ್ಲಿ ಇಟಲಿಯ ಮಿಲಾನಿನಲ್ಲಿ ಎಡೊಆರ್ಡೊ ಪೆರ್ಸಿಕೊ (1900–1936) ಎಂಬ ಕಲಾವಿಮರ್ಶಕನಿದ್ದ. 'ಕಾಸಾಬೆಲ್ಲಾ' ಪತ್ರಿಕೆಗೆ ಬರೆಯುತ್ತಲೇ ಅದರ ಪುಟಗಳನ್ನೂ ತಾನೇ ಜೋಡಿಸಿದ. ಮಾರ್ಚೆಲ್ಲೊ ನಿಜ್ಜೋಲಿಯ ಜೊತೆಗೂಡಿ ಪಾರ್ಕರ್ ಪೆನ್ನಿನ ಅಂಗಡಿಗಳಿಗೆ ವಿನ್ಯಾಸ ಮಾಡಿದ. ಅಲ್ಲಿ ಅವನ ಲೇಖನವನ್ನೂ ಅಂಗಡಿಯನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಕಾರಂತರಿಗೆ ನಾವು ಅಷ್ಟು ಮಾಡಿಲ್ಲ.

ನಾನೂ ಮಾಡಿರಲಿಲ್ಲ. ಮೂವತ್ತರ ದಶಕದಲ್ಲಿ ಮೂರು ಸಂಪುಟಗಳಾಗಿ ಬಂದ 'ಬಾಲಪ್ರಪಂಚ'ದ ಒಂದು ಸಂಪುಟ ನಮ್ಮ ಮನೆಯಲ್ಲಿದೆ. ಸೋದರಮಾವ ಬೀದರಿನಿಂದ ತಂದದ್ದು, ಬೆನ್ನು ಹರಿದಿದೆ. ಮೊಮ್ಮಗಳು ಶಾಲೆಯಲ್ಲಿ ಕಲಿಯುವುದು ತೆಲುಗು, ಇಂಗ್ಲಿಷು. ಕನ್ನಡ ಮನೆಯ ಮಾತು ಮಾತ್ರ. ಒಂದು ಮಧ್ಯಾಹ್ನ ಚಿತ್ರ ನೋಡುತ್ತ ಕೂತವಳು ಅದರ ಕೆಳಗಿನ ಸಾಲನ್ನು ಅಕ್ಷರ ಕೂಡಿಸಿ ಓದಿಬಿಟ್ಟಳು. "ಮುತ್ಯಾ, ತಲಿಕಟ್ಟು ಅಷ್ಟೇ ಬ್ಯಾರೆ ಅದ" ಅಂದಳು. ಕನ್ನಡ ಕಲಿಸಲು ನಾನು ಮಾಡಿದ ಒತ್ತಾಯವೆಲ್ಲ ಸೋತ ಮೇಲೆ ಆದದ್ದಿದು.

ಕಾರಂತರ ಗೆರೆ ನಯವಾದದ್ದಲ್ಲ. ವೆಂಕಟಪ್ಪನವರ ಪಕ್ಕ ಇಟ್ಟರೆ ಒರಟು ಎಂದೇ ಹೇಳಬೇಕು. ಆದರೆ ಚಿತ್ರ ಎಲ್ಲಿರಬೇಕು, ಯಾರಿಗಾಗಿ ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರ ಪುಸ್ತಕದಲ್ಲಿ ಚಿತ್ರ ಬರಹದ ಒಡವೆಯಲ್ಲ. ಓದು ಬಾರದವನಿಗೆ ಮೊದಲ ಸಾಲು. ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ "ಅದು ಮಕ್ಕಳ ಪುಸ್ತಕವಲ್ಲವೇ?" ಎಂದರು. ಹೌದು, ಮಕ್ಕಳದೇ. ಕನ್ನಡ ಶಾಲೆ ಹತ್ತಿರವಿಲ್ಲದ ಮನೆಗಳಲ್ಲಿ ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕಲ್ಲವೇ?

ಹುಡುಗಿ ಈಗ ಉಳಿದೆರಡು ಸಂಪುಟ ಕೇಳುತ್ತಿದ್ದಾಳೆ. ನಿಮ್ಮ ಕಡೆ ಯಾರ ಅಟ್ಟದಲ್ಲಾದರೂ ಹಳೆಯ ಪ್ರತಿಗಳಿದ್ದರೆ ಸಂಪಾದಕರಿಗೆ ತಿಳಿಸಿ. ನಾನೇ ಬಂದು ಒಯ್ಯುತ್ತೇನೆ.