ಹಸಿವು ಕಡತಕ್ಕೆ ಹೋದಾಗ

ಪದಗಳಿಗೂ ಜಾತಿ ಇದೆ. ದೇವದುರ್ಗ, ಮಾನ್ವಿ ಕಡೆಯ ಕೇರಿಗಳಲ್ಲಿ ತಾಯಿ ಹೇಳುವುದು ಇಷ್ಟೆ: 'ಕೂಸು ಸೊರಗ್ಯದ್ರಿ, ಹೊಟ್ಟಿಗಿಲ್ಲ.' ಇದೇ ಮಾತು ವಿಧಾನಸೌಧ ಮುಟ್ಟುವಷ್ಟರಲ್ಲಿ 'ಅಪೌಷ್ಟಿಕತೆ' ಆಗಿರುತ್ತದೆ. ಹಸಿವು ಅಂದರೆ ಕೂಲಿ ಎಷ್ಟು, ಹೊಲ ಯಾರದು, ಗುಳೆ ಯಾಕೆ ಹೋದಿರಿ ಅಂತ ಕೇಳಬೇಕಾಗುತ್ತದೆ. ಅಪೌಷ್ಟಿಕತೆ ಅಂದರೆ ಪುಡಿಯ ಪೊಟ್ಟಣ ಹಂಚಿದರೆ ಮುಗಿಯಿತು. ಹಸಿವಿಗೆ ಹೊಣೆಗಾರರಿದ್ದಾರೆ, ಅಪೌಷ್ಟಿಕತೆಗೆ ಫಲಾನುಭವಿಗಳು ಮಾತ್ರ. ಈ ಪದಾಂತರವನ್ನು ವಿಮರ್ಶಕರಾದ ನಾವು ಯಾರೂ ವಿಮರ್ಶಿಸಲಿಲ್ಲ; ಕತೆ ಕವನಗಳ ಭಾಷೆ ನೋಡುತ್ತ ಕುಂತೆವು.

2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಸಾವು ಟಿ.ವಿ.ಯಲ್ಲಿ, ಪತ್ರಿಕೆಗಳಲ್ಲಿ ಬಂತು. ಮಕ್ಕಳೇನು ಆ ವರ್ಷವೇ ಸಾಯಲು ಶುರು ಮಾಡಿದವರಲ್ಲ. 2002ರಲ್ಲೇ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಿತ್ತು. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. ವರದಿಗೆ ಕಾಣಿಸಿದ್ದು ಪ್ರಭುತ್ವಕ್ಕೆ ಕಾಣಿಸಬೇಕಾದರೆ ಮೊದಲು ಕ್ಯಾಮೆರಾ ಬರಬೇಕಾಯಿತು, ಆಮೇಲೆ ಹೈಕೋರ್ಟು ಕೇಳಬೇಕಾಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂದದ್ದು 2012ರಲ್ಲಿ. ಶಾಲೆಗಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ.

ಹಾಲಿಗೆ ಯಾರ ತಕರಾರೂ ಇರಲಿಲ್ಲ. ಮೊಟ್ಟೆಗೆ ಇತ್ತು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಅಡ್ಡ ನಿಂತರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದರೂ ನಿಂತರು. ಮಕ್ಕಳು ಸತ್ತ ಸುದ್ದಿಗೆ ಮಠಗಳಿಂದ ಇಷ್ಟು ದೊಡ್ಡ ದನಿ ಎದ್ದದ್ದು ನನಗೆ ನೆನಪಿಲ್ಲ. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದ ಮಾತಾಡಿದಳು. ಆ ವರ್ಷ ನಾನು ಕೇಳಿದ ಅತ್ಯುತ್ತಮ ಬಂಡಾಯ ಗದ್ಯ ಅದು. ನಮ್ಮ ಯಾವ ಸಂಕಲನದಲ್ಲೂ ಅದಕ್ಕೆ ಜಾಗವಿಲ್ಲ, ಯಾಕೆಂದರೆ ಅವಳು ಸಾಹಿತಿಯಲ್ಲ. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ಅದರಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು. ಮಕ್ಕಳ ಹೊಟ್ಟೆಗೆ ಬಿದ್ದದ್ದು ಸಂತೋಷವೇ. ಆದರೆ ಹುಡುಗಿ ಕೇಳಿದ್ದು ಹಕ್ಕು. ಸಿಕ್ಕಿದ್ದರಲ್ಲಿ ಬಹುಪಾಲು ದಾನ.

ಇನ್ನು ದವಾಖಾನಿ ಮಾತು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಧರಣಿ ಶುರುವಾಯಿತು. ಐಐಟಿ ಧಾರವಾಡಕ್ಕೆ ಹೋದ ಗಾಯ ಅದರ ಹಿಂದಿದೆ. 2025ರ ಫೆಬ್ರವರಿಯಲ್ಲಿ ಧರಣಿ ಸಾವಿರ ದಿನ ದಾಟಿತು. ಅಷ್ಟು ದಿನ ಬಿಸಿಲಲ್ಲಿ ಕುಂತವರ ಹಟಕ್ಕೆ ನನ್ನ ಶರಣು. ಅವರ ಬೇಡಿಕೆ ನ್ಯಾಯದ್ದು. ಆದರೆ ಅದೇ ಮೇ ತಿಂಗಳ ಕೊನೆಗೆ ಅದೇ ಊರಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ನೀರು ಕುಡಿದು ಒಂದು ಮಗು ಸತ್ತಿತು. ಕೃಷ್ಣೆ ತುಂಗಭದ್ರೆಯರ ನಡುವಿನ ಜಿಲ್ಲೆ ಇದು! ಸಾವಿನ ನೀರು ಕೆಲವು ದಿನದ ಸುದ್ದಿಯಾಯಿತು. ಏಮ್ಸ್ ಎಲ್ಲ ಪಕ್ಷಗಳ ಬಾಯಲ್ಲಿ ಉಳಿಯಿತು. ಯಾಕೆ? ಕಟ್ಟಡಕ್ಕೆ ಅಡಿಗಲ್ಲು ಹಾಕಬಹುದು, ಹೆಸರು ಕೆತ್ತಬಹುದು. ಶುದ್ಧ ನೀರಿಗೆ, ಅಂಗನವಾಡಿ ಕಾರ್ಯಕರ್ತೆಯ ಪಗಾರಕ್ಕೆ, ಉಪಕೇಂದ್ರದ ನರ್ಸಮ್ಮನ ಹುದ್ದೆಗೆ ಯಾವ ಮಂತ್ರಿಯೂ ರಿಬ್ಬನ್ನು ಕತ್ತರಿಸಲಾರ.

ಹೀಗೆ ರಾಜಕೀಯದ ಬಾಗಿಲು ಮೂರೇ ಆಗಿವೆ: ಕ್ಯಾಮೆರಾ, ಕೋರ್ಟು, ಕಟ್ಟಡ. ನಾಲ್ಕನೆಯ ಬಾಗಿಲು ಚಳವಳಿ. ಅದನ್ನು ತೆರೆಯಬೇಕಾದವರು ನಾವು. ಭೂಮಿಗೆ, ಮೀಸಲಾತಿಗೆ, ಕೊಲೆಯಾದವರಿಗೆ ನಾವು ಬೀದಿಗಿಳಿದದ್ದುಂಟು. ಕೇರಿಯ ಕೂಸಿನ ತೂಕ ಮಾತ್ರ ಹೆಂಗಸರ ಕೆಲಸ, ಇಲಾಖೆಯ ಕೆಲಸ ಅಂತ ಬಿಟ್ಟೆವು. ಅಂಗನವಾಡಿ ಅಕ್ಕಂದಿರು ಬೆಂಗಳೂರಿನ ಬೀದಿಯಲ್ಲಿ ರಾತ್ರಿ ಕಳೆದಾಗ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೆವು?

ಏಮ್ಸ್ ಬರಲಿ, ಬಂದೇ ತೀರಲಿ. ಆದರೆ ದೇವದುರ್ಗದ ತಾಯಿ ಅಲ್ಲಿಗೆ ಹೋಗುವ ಮುಂಚೆ ಅವಳ ಕೊಡಕ್ಕೆ ಒಳ್ಳೆ ನೀರು ಬರಬೇಕು. ಆಕೆ ಹೇಳಿದ ಮಾತನ್ನು ತಿದ್ದದೆ ಬರೆದುಕೊಳ್ಳುವ ಕಡತವೊಂದು ಬೇಕು. 'ಹೊಟ್ಟಿಗಿಲ್ಲ' ಅನ್ನೋದಕ್ಕೆ ಸರ್ಕಾರದ ಭಾಷಾಂತರ ಬೇಕಿಲ್ಲ, ಉತ್ತರ ಬೇಕು.